ದುಡ್ಡು ಸರ್ಕಾರದ್ದು, ಕೃತಿ ಯಾರದ್ದು?

ದೆಹಲಿಯ ವಿಜ್ಞಾನ ಭವನಕ್ಕೆ ಒಂದು ಕಂಚಿನ ಭಿತ್ತಿಶಿಲ್ಪ ಮಾಡಿಕೊಡುವಂತೆ ಕೇಂದ್ರ ಸರ್ಕಾರ 1957ರಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರಿಗೆ ಕೆಲಸ ಒಪ್ಪಿಸಿತು. 140 ಅಡಿ ಉದ್ದ, 40 ಅಡಿ ಎತ್ತರದ ಕೃತಿ. 1979ರಲ್ಲಿ ಭವನದ ನವೀಕರಣ ನಡೆದಾಗ ಶಿಲ್ಪಿಗೆ ಒಂದು ಮಾತೂ ತಿಳಿಸದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಕೀಳುವಾಗ, ಸಾಗಿಸುವಾಗ ಶಿಲ್ಪ ಹಾಳಾಯಿತು. ಸೆಹಗಲ್ ಕೋರ್ಟಿಗೆ ಹೋದರು. ಸರ್ಕಾರದ ವಾದ ನೇರವಾಗಿತ್ತು: ದುಡ್ಡು ಕೊಟ್ಟಿದ್ದೇವೆ, ಶಿಲ್ಪವೂ ನಮ್ಮದು, ಅದರ ಹಕ್ಕೂ ನಮ್ಮದು, ಏನು ಮಾಡಿದರೂ ಕೇಳುವಂತಿಲ್ಲ. 2005ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಅಳಿದುಳಿದ ಶಿಲ್ಪವನ್ನು ಶಿಲ್ಪಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಹಕ್ಕು ಮಾರಿದ ಮೇಲೂ ಕೃತಿಯ ಮೇಲೆ ತನ್ನ ಹೆಸರು ಉಳಿಯಬೇಕು, ಅದನ್ನು ವಿರೂಪ ಮಾಡಬಾರದು ಎಂದು ಕೇಳುವ ಅಧಿಕಾರ ಕರ್ತೃವಿನ ಬಳಿಯೇ ಇರುತ್ತದೆ ಎಂಬುದು ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ.

'ದುಡ್ಡು ಕೊಟ್ಟವರದೇ ಎಲ್ಲ' ಎಂಬ ನಂಬಿಕೆ ಇಲಾಖೆಗಳಲ್ಲಿ ಇವತ್ತಿಗೂ ಗಟ್ಟಿಯಾಗಿದೆ. 'ನಾನು ಮಾಡಿದ್ದು, ಹಾಗಾಗಿ ನನ್ನದು' ಎಂಬ ನಂಬಿಕೆ ಕೆಲಸ ಮಾಡಿಕೊಡುವವರಲ್ಲಿ ಅಷ್ಟೇ ಗಟ್ಟಿ. ತೆರಿಗೆ ಕಟ್ಟುವ ಆ್ಯಪ್, ಪಠ್ಯಪುಸ್ತಕದ ಚಿತ್ರ, ಪ್ರವಾಸೋದ್ಯಮದ ಸಾಕ್ಷ್ಯಚಿತ್ರ, ಸಮೀಕ್ಷಾ ವರದಿ, ಕನ್ನಡ ಫಾಂಟ್, ನಿಘಂಟಿನ ಡಿಜಿಟಲ್ ಆವೃತ್ತಿ, ಆಸ್ಪತ್ರೆಯ ನಕ್ಷೆ ಇವೆಲ್ಲ ಸಾರ್ವಜನಿಕರ ದುಡ್ಡಿನಲ್ಲಿ ತಯಾರಾಗುತ್ತವೆ. ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಎಷ್ಟು, ತಡವಾದರೆ ದಂಡ ಎಷ್ಟು, ಬಿಲ್ ಎಷ್ಟು ಕಂತಿನಲ್ಲಿ ಎಂಬುದು ಟೆಂಡರಿನಲ್ಲಿ ಪುಟಗಟ್ಟಲೆ ಇರುತ್ತದೆ. ತಯಾರಾದದ್ದರ ಹಕ್ಕು ಯಾರದು ಎಂಬುದಕ್ಕೆ ಎಷ್ಟೋ ಸಲ ಒಂದೇ ಸಾಲು, ಅದೂ ಹಿಂದಿನ ಯಾವುದೋ ಟೆಂಡರಿನಿಂದ ಎತ್ತಿ ಅಂಟಿಸಿದ್ದು. ಕೆಲಸ ನಡೆಯುವಾಗ ಈ ಸಾಲನ್ನು ಯಾರೂ ಓದುವುದಿಲ್ಲ. ನಾಲ್ಕೈದು ವರ್ಷದ ಮೇಲೆ ನಿರ್ವಹಣೆಯನ್ನು ಬೇರೆಯವರಿಗೆ ಕೊಡಲು ಇಲಾಖೆ ಹೊರಟಾಗ ಎರಡೂ ಕಡೆಯವರು ಅದನ್ನು ಹುಡುಕುತ್ತಾರೆ.

ಇಲಾಖೆಗೆ ಕೆಲಸ ಮಾಡಿಕೊಡುವ ಸಣ್ಣ ಕಂಪನಿ, ಕಲಾವಿದರು, ಅನುವಾದಕರು, ಸಂಶೋಧಕರು ಹಾಗೂ ಕೆಲಸ ಮಾಡಿಸಿಕೊಳ್ಳುವ ಅಧಿಕಾರಿಗಳು ಸಹಿ ಹಾಕುವ ಮುಂಚೆ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕರಾರು ಬಾಯಿ ಬಿಡದಿದ್ದರೆ

ಕೃತಿಸ್ವಾಮ್ಯ ಕಾಯ್ದೆ, 1957ರ 17ನೇ ಕಲಂನಿಂದ ಶುರು ಮಾಡಬೇಕು. ರಚಿಸಿದವರೇ ಮೊದಲ ಒಡೆಯರು ಎಂಬುದು ಮೂಲ ನಿಯಮ. ಉಳಿದದ್ದೆಲ್ಲ ಅದಕ್ಕೆ ವಿನಾಯಿತಿ. ಸಂಬಳಕ್ಕಿರುವ ನೌಕರರು ನೌಕರಿಯ ಭಾಗವಾಗಿ ಮಾಡಿದ್ದು ಮಾಲೀಕರದು. ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಚಿತ್ರ, ಮಾಡಿಸಿದ ಸಿನಿಮಾ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರದು. ಸರ್ಕಾರದ ನಿರ್ದೇಶನದಲ್ಲಿ ಅಥವಾ ನಿಯಂತ್ರಣದಲ್ಲಿ ತಯಾರಾದದ್ದು, ಪ್ರಕಟವಾದದ್ದು 'ಸರ್ಕಾರಿ ಕೃತಿ'. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಮೊದಲ ಒಡೆತನ ಸರ್ಕಾರಕ್ಕೆ, ಅದೂ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷದ ತನಕ. ಸರ್ಕಾರಿ ಕಂಪನಿ, ನಿಗಮ, ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೂ ಒಡೆತನದ ಮಟ್ಟಿಗೆ ಇಂಥದೇ ನಿಯಮ ಇದೆ. ಸಾಫ್ಟ್‌ವೇರ್ ಕೂಡ ಈ ಕಾಯ್ದೆಯ ಕಣ್ಣಿನಲ್ಲಿ ಸಾಹಿತ್ಯ ಕೃತಿಯೇ.

ಇಷ್ಟು ಓದಿದ ಅಧಿಕಾರಿ ನಿಶ್ಚಿಂತರಾಗುವಂತಿಲ್ಲ. 'ನಿರ್ದೇಶನ ಅಥವಾ ನಿಯಂತ್ರಣ' ಎಂದರೆ ಎಷ್ಟು? ಇಲಾಖೆ ಬೇಕುಗಳ ಪಟ್ಟಿ ಕೊಟ್ಟು ಆರು ತಿಂಗಳ ಮೇಲೆ ಸಾಫ್ಟ್‌ವೇರ್ ತೆಗೆದುಕೊಂಡರೆ ಅದು ನಿಯಂತ್ರಣವೇ? ಅಧಿಕಾರಿ ವಾರವಾರ ಕೂತು ತಿದ್ದಿಸಿದ್ದರೆ? ಎರಡೂ ಕಡೆಯ ವಕೀಲರಿಗೆ ವಾದಕ್ಕೆ ಬೇಕಾದಷ್ಟು ಜಾಗ ಇದೆ.

ಇನ್ನೊಂದು ತೊಡಕು ಒಳಗುತ್ತಿಗೆಯದು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಜಿಲ್ಲಾ ಕಚೇರಿಯ ಆ್ಯಪ್ ಮಾಡುವ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಕಂಪನಿ ಅರ್ಧ ಕೋಡನ್ನು ತನ್ನ ನೌಕರರಿಂದ ಬರೆಸಿತು, ಉಳಿದರ್ಧವನ್ನು ಮನೆಯಿಂದ ಕೆಲಸ ಮಾಡುವ ಒಬ್ಬ ಫ್ರೀಲಾನ್ಸರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಒಪ್ಪಿಸಿತು. ಫ್ರೀಲಾನ್ಸರ್ ನೌಕರರಲ್ಲ, ಬರವಣಿಗೆಯಲ್ಲಿ ಹಕ್ಕು ಬಿಟ್ಟುಕೊಡದಿದ್ದರೆ ಅವರು ಬರೆದದ್ದು ಅವರದೇ ಎಂದು ವಾದಿಸಬಹುದು. ಆಗ 'ಎಲ್ಲ ಹಕ್ಕನ್ನೂ ಸರ್ಕಾರಕ್ಕೆ ಕೊಟ್ಟಿದ್ದೇನೆ' ಎಂದು ಕಂಪನಿ ಹಾಕಿದ ಸಹಿ ತನ್ನ ಬಳಿ ಇಲ್ಲದ್ದನ್ನು ಕೊಟ್ಟಂತಾಗುತ್ತದೆ. ಹಾಗಾಗಿ ಕಂಪನಿ ನಡೆಸುವವರು ಹೊರಗಿನ ಪ್ರತಿಯೊಬ್ಬರಿಂದಲೂ, ಲೋಗೊ ಬರೆದವರಿಂದಲೂ, ಕನ್ನಡಕ್ಕೆ ಅನುವಾದಿಸಿದವರಿಂದಲೂ ಒಂದು ಪುಟದ ಹಕ್ಕು ವರ್ಗಾವಣೆ ಪತ್ರ ಬರೆಸಿಕೊಳ್ಳಬೇಕು. ಅಧಿಕಾರಿಗಳು ಅದರ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು.

ಸಾಕ್ಷ್ಯಚಿತ್ರ ಮಾಡಿಸುವ ಇಲಾಖೆಗಳಿಗೂ ಒಂದು ಮಾತು. ಚಿತ್ರ ಇಲಾಖೆಯದಾದರೂ 2012ರ ತಿದ್ದುಪಡಿಯ ನಂತರ ಅದರಲ್ಲಿ ಬಳಸಿದ ಹಾಡಿನ ಸಾಹಿತ್ಯ, ಸಂಗೀತ ಬರೆದವರ ಹಕ್ಕು ತಾನಾಗಿಯೇ ಇಲಾಖೆಗೆ ಬರುವುದಿಲ್ಲ. ಹಾಡನ್ನು ಬೇರೆ ಕಡೆ ಬಳಸುವ ಯೋಚನೆ ಇದ್ದರೆ ಅದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು.

ವಿನ್ಯಾಸ ಮತ್ತು ಪೇಟೆಂಟಿನ ದಾರಿ ಬೇರೆ. ವಸ್ತುವಿನ ಹೊರರೂಪಕ್ಕೆ ಸಂಬಂಧಿಸಿದ ವಿನ್ಯಾಸ ಕಾಯ್ದೆ, 2000 ಪ್ರತಿಫಲ ಕೊಟ್ಟು ಮಾಡಿಸಿದವರನ್ನೇ ಒಡೆಯರೆಂದು ಕಾಣುತ್ತದೆ. ಪೇಟೆಂಟ್ ಕಾಯ್ದೆ, 1970 ಹಾಗಲ್ಲ. ಅರ್ಜಿ ಹಾಕುವ ಹಕ್ಕು ಆವಿಷ್ಕರಿಸಿದವರದು ಅಥವಾ ಅವರಿಂದ ಹಕ್ಕು ಬರೆಸಿಕೊಂಡವರದು. ದುಡ್ಡು ಯಾರ ಖಾತೆಯಿಂದ ಹೋಯಿತು ಎಂಬುದರಿಂದ ಅಲ್ಲಿ ಒಡೆತನ ತೀರ್ಮಾನವಾಗುವುದಿಲ್ಲ.

ಬರೆದುಕೊಂಡರೂ ಜಾರಿಹೋಗುವ ಹಕ್ಕು

'ಕೃತಿಯ ಎಲ್ಲ ಹಕ್ಕುಗಳೂ ಇಲಾಖೆಗೆ ಸೇರಿದ್ದು' ಎಂಬ ಒಂದು ಸಾಲು ಸಾಕೇ? ಸಾಲದು. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಅನ್ನು ಪ್ರತಿಯೊಬ್ಬ ಖರೀದಿ ಅಧಿಕಾರಿಯೂ ಒಮ್ಮೆ ಓದಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಕೊಡುವವರ ಸಹಿಯೊಂದಿಗೆ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಪ್ರತಿಫಲ ಎಂಬುದನ್ನು ಹೇಳಬೇಕು. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಎಲ್ಲಕ್ಕಿಂತ ಅಪಾಯದ್ದು ಮೂರನೆಯದು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬಳಸದ ಆ ಹಕ್ಕು ರದ್ದಾದಂತೆ. ಹೊಸ ಅಧಿಕಾರಿ ಬಂದರು, ಚುನಾವಣಾ ನೀತಿಸಂಹಿತೆ ಬಂತು, ಅನುದಾನ ತಡವಾಯಿತು ಎಂದು ಯೋಜನೆ ವರ್ಷಗಟ್ಟಲೆ ಕಡತದಲ್ಲಿ ಕೂರುವುದು ನಮ್ಮಲ್ಲಿ ಅಪರೂಪವಲ್ಲ. ಅಂಥಲ್ಲಿ ಈ ಕಲಂ ಸದ್ದಿಲ್ಲದೆ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಕರಾರಿನಲ್ಲಿ ಇರಬೇಕಾದ ಮಾತು ಹೆಚ್ಚುಕಡಿಮೆ ಹೀಗಿರಬಹುದು. ವಕೀಲರಿಗೆ ತೋರಿಸಿ ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ:

"ಅನುಬಂಧ 1ರಲ್ಲಿ ಪಟ್ಟಿ ಮಾಡಿದ, ಈ ಗುತ್ತಿಗೆಯಡಿ ಹೊಸದಾಗಿ ತಯಾರಾಗುವ ಕೃತಿಗಳ ಕೃತಿಸ್ವಾಮ್ಯವನ್ನು ಗುತ್ತಿಗೆದಾರರು ಕರ್ನಾಟಕ ಸರ್ಕಾರಕ್ಕೆ ಅದರ ಪೂರ್ಣ ಅವಧಿಗೆ, ಜಗತ್ತಿನ ಎಲ್ಲ ಪ್ರದೇಶಗಳಿಗೆ ವರ್ಗಾಯಿಸಿದ್ದಾರೆ. ಗುತ್ತಿಗೆಯ ಮೊತ್ತದಲ್ಲಿ ಇದರ ಪ್ರತಿಫಲ ಸೇರಿದೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ಹಕ್ಕು ರದ್ದಾಗುವುದಿಲ್ಲ. ಅನುಬಂಧ 2ರಲ್ಲಿ ಪಟ್ಟಿ ಮಾಡಿದ, ಗುತ್ತಿಗೆದಾರರ ಬಳಿ ಮೊದಲೇ ಇದ್ದ ಕೃತಿಗಳು ಗುತ್ತಿಗೆದಾರರದಾಗಿಯೇ ಉಳಿಯುತ್ತವೆ. ಅನುಬಂಧ 1ರ ಕೃತಿಯ ಜೊತೆ ಅವನ್ನು ಬಳಸಲು, ತಿದ್ದಲು, ಬೇರೆಯವರಿಂದ ತಿದ್ದಿಸಲು ಸರ್ಕಾರಕ್ಕೆ ಶಾಶ್ವತ, ಉಚಿತ ಅನುಮತಿ ಇರುತ್ತದೆ."

ಇದರಲ್ಲಿ ನಿಜವಾದ ಕೆಲಸ ಮಾಡುವುದು ಎರಡು ಅನುಬಂಧಗಳು. ಕಂಪನಿಗಳ ಭಾಷೆಯಲ್ಲಿ ಇವು ಫೋರ್‌ಗ್ರೌಂಡ್ ಐಪಿ, ಬ್ಯಾಕ್‌ಗ್ರೌಂಡ್ ಐಪಿ. ಈ ಕೆಲಸದಿಂದ ಹುಟ್ಟಿದ್ದು ಒಂದು, ಮೊದಲೇ ಇದ್ದದ್ದು ಇನ್ನೊಂದು. ಸಣ್ಣ ಕಂಪನಿಗಳು ಎರಡನೇ ಪಟ್ಟಿಯನ್ನು ಕೊಡದೇ ಇರುವುದೇ ಹೆಚ್ಚು. ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ ಲೆಕ್ಕದ ತಂತ್ರಾಂಶವನ್ನು ಒಂದು ನಗರಸಭೆಯ ಕೆಲಸಕ್ಕೆ ಸ್ವಲ್ಪ ತಿದ್ದಿ ಕೊಟ್ಟು, 'ಎಲ್ಲ ಹಕ್ಕೂ ಸರ್ಕಾರದ್ದು' ಎಂಬ ಸಾಲಿಗೆ ಸಹಿ ಹಾಕಿದರೆ ಇಡೀ ತಂತ್ರಾಂಶವನ್ನೇ ಬರೆದುಕೊಟ್ಟಿರಿ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಪಟ್ಟಿಯಲ್ಲಿ ಹೆಸರು, ಆವೃತ್ತಿ, ದಿನಾಂಕ ಇರಲಿ. ಬಳಸಿದ ಮುಕ್ತ ತಂತ್ರಾಂಶಗಳನ್ನೂ ಅವುಗಳ ಪರವಾನಗಿಯ ಹೆಸರಿನೊಂದಿಗೆ ಸೇರಿಸಿ. ಅವು ನಿಮ್ಮವೂ ಅಲ್ಲ, ಸರ್ಕಾರದವೂ ಆಗಲಾರವು.

ಇದನ್ನೆಲ್ಲ ಕೇಳಲು ಸರಿಯಾದ ಹೊತ್ತು ಪ್ರೀ-ಬಿಡ್ ಸಭೆ. ಕರ್ನಾಟಕದಲ್ಲಿ ಟೆಂಡರುಗಳು ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ ಇರುವ 1999ರ ಕೆಟಿಪಿಪಿ ಕಾಯ್ದೆಯಡಿ, ಸರ್ಕಾರಿ ಖರೀದಿಯ ಕೆಪಿಪಿಪಿ ಪೋರ್ಟಲ್ ಮೂಲಕ ನಡೆಯುತ್ತವೆ. ಬೌದ್ಧಿಕ ಆಸ್ತಿಯ ಷರತ್ತು ಅಸ್ಪಷ್ಟವಾಗಿದ್ದರೆ ಆ ಹಂತದಲ್ಲೇ ಲಿಖಿತ ಪ್ರಶ್ನೆ ಹಾಕಿ, ಉತ್ತರ ತಿದ್ದುಪಡಿಯ ರೂಪದಲ್ಲಿ ಬರುವಂತೆ ಕೇಳಿ. ಬಿಡ್ ತೆರೆದ ಮೇಲೆ ಷರತ್ತು ಬದಲಿಸುವುದು ಉಳಿದ ಬಿಡ್‌ದಾರರಿಗೆ ಅನ್ಯಾಯವಾಗುತ್ತದೆ. ಅಧಿಕಾರಿಗೆ ಮನಸ್ಸಿದ್ದರೂ ಆಗ ಕೈ ಕಟ್ಟಿರುತ್ತದೆ. ಕರಾರು ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಸಂವಿಧಾನದ 299ನೇ ವಿಧಿಯಂತೆ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯೊಂದಿಗೆ ಆಗಬೇಕು. ಮಂಡಳಿ, ನಿಗಮ, ಸೊಸೈಟಿಗಳು ಬೇರೆಯೇ ಕಾನೂನು ವ್ಯಕ್ತಿಗಳು. ಅವಕ್ಕೆ ಕೊಟ್ಟದ್ದು ಇಲಾಖೆಗೆ ಕೊಟ್ಟಂತಾಗುವುದಿಲ್ಲ.

ಕಾಗದ ಇದೆ, ಕಡತ ಎಲ್ಲಿ?

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಹಕ್ಕು ಪಕ್ಕಾ ಬರೆದುಕೊಂಡು ವಸ್ತುವನ್ನು ಕೈಗೆ ತೆಗೆದುಕೊಳ್ಳದೇ ಇರುವುದು ಮನೆಯ ಪತ್ರ ಇಟ್ಟುಕೊಂಡು ಬೀಗದ ಕೈ ಬೇರೆಯವರಿಗೆ ಕೊಟ್ಟಂತೆ.

ಒಂದು ಮೊಬೈಲ್ ಆ್ಯಪನ್ನೇ ತೆಗೆದುಕೊಳ್ಳಿ. ಸೋರ್ಸ್ ಕೋಡ್ ಇಲಾಖೆಯ ಸರ್ವರಿನಲ್ಲಿದೆಯೇ, ಗುತ್ತಿಗೆದಾರರ ಗಿಟ್‌ಹಬ್ ಖಾತೆಯಲ್ಲಿದೆಯೇ? ಆ್ಯಪ್ ಪ್ಲೇ ಸ್ಟೋರಿನಲ್ಲಿ ಯಾರ ಖಾತೆಯಿಂದ ಪ್ರಕಟವಾಗಿದೆ? ಹೊಸ ಆವೃತ್ತಿಗೆ ಸಹಿ ಹಾಕುವ ಡಿಜಿಟಲ್ ಕೀಲಿ ಯಾರ ಬಳಿ? ಖಾತೆಯೂ ಕೀಲಿಯೂ ಗುತ್ತಿಗೆದಾರರಲ್ಲಿದ್ದು ಸಂಬಂಧ ಕೆಟ್ಟರೆ, ಕೋಡ್ ಕೈಯಲ್ಲಿದ್ದರೂ ಜನರ ಫೋನಿನಲ್ಲಿರುವ ಆ್ಯಪಿಗೆ ಒಂದು ಅಪ್‌ಡೇಟ್ ಕಳಿಸಲೂ ಆಗದು; ಹೊಸ ಆ್ಯಪ್ ಮಾಡಿ 'ಹಳೆಯದನ್ನು ತೆಗೆಯಿರಿ' ಎಂದು ಊರೆಲ್ಲ ಸಾರಬೇಕಾಗುತ್ತದೆ. ಜಾಲತಾಣದ ಡೊಮೈನ್ ಹೆಸರು, ಎಸ್‌ಎಂಎಸ್ ಕಳಿಸುವ ಖಾತೆ, ಡೇಟಾಬೇಸಿನ ರಚನೆಯ ವಿವರ, ಕೋಡನ್ನು ಹೊಸ ಸರ್ವರಿನಲ್ಲಿ ಏಳಿಸುವ ಕ್ರಮ ಇವೂ ಹಾಗೆಯೇ. ಒಂದು ಸರಳ ಪರೀಕ್ಷೆ ಇದೆ: ಕೊನೆಯ ಬಿಲ್ ಪಾಸು ಮಾಡುವ ಮುಂಚೆ, ಈ ಕೆಲಸ ಮಾಡದ ಬೇರೊಬ್ಬ ತಂತ್ರಜ್ಞರನ್ನು ಕೂರಿಸಿ, ಗುತ್ತಿಗೆದಾರರು ಕೊಟ್ಟ ಫೈಲುಗಳಷ್ಟರಿಂದಲೇ ಇಡೀ ವ್ಯವಸ್ಥೆಯನ್ನು ಖಾಲಿ ಸರ್ವರಿನಲ್ಲಿ ಎಬ್ಬಿಸಲು ಹೇಳಿ. ಎದ್ದು ನಿಂತರೆ ಸಾಮಗ್ರಿ ಪೂರ್ತಿ ಬಂದಿದೆ ಎಂದರ್ಥ.

ಕಟ್ಟಡದ ನಕ್ಷೆಯಾದರೆ ಪಿಡಿಎಫ್ ಜೊತೆಗೆ ತಿದ್ದಲು ಬರುವ ಕ್ಯಾಡ್ ಫೈಲು. ಸಮೀಕ್ಷೆಯಾದರೆ ವರದಿಯ ಜೊತೆಗೆ ಮೂಲ ದತ್ತಾಂಶ. ಸಾಕ್ಷ್ಯಚಿತ್ರವಾದರೆ ಸಂಕಲನಕ್ಕೆ ಮುಂಚಿನ ಚಿತ್ರೀಕರಣ.

ಕನ್ನಡದ ಕೆಲಸಗಳಲ್ಲಿ ಇದು ಇನ್ನೂ ಎಚ್ಚರದಿಂದ ನೋಡಬೇಕಾದ ವಿಷಯ. ಪುಸ್ತಕ, ನಿಘಂಟು, ಜಾನಪದ ಸಂಪುಟಗಳನ್ನು ಸಾರ್ವಜನಿಕ ಹಣದಲ್ಲಿ ಡಿಜಿಟಲ್ ಮಾಡಿಸುವಾಗ ಹಳೆಯ ಎನ್‌ಕೋಡಿಂಗ್‌ನ ಫಾಂಟಿನಲ್ಲಿ ಪುಟ ಕಟ್ಟಿ ಪಿಡಿಎಫ್ ಕೊಟ್ಟರೆ, ತೆರೆಯ ಮೇಲೆ ಅಕ್ಷರ ಚೆಂದ ಕಾಣುತ್ತದೆ. ಆದರೆ ಅದರೊಳಗೆ ಒಂದು ಪದ ಹುಡುಕಿದರೆ ಸಿಗುವುದಿಲ್ಲ, ಒಂದು ಸಾಲು ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಯೂನಿಕೋಡ್ ಪಠ್ಯದ ಫೈಲು ಪ್ರತ್ಯೇಕವಾಗಿ ಬೇಕು ಎಂದು ಕಾರ್ಯಾದೇಶದಲ್ಲೇ ಬರೆಯಬೇಕು. ಫಾಂಟ್ ಮಾಡಿಸಿದರೆ ಅಕ್ಷರಗಳ ಮೂಲ ವಿನ್ಯಾಸದ ಫೈಲು ಕೂಡ ಬರಬೇಕು. ಇಲ್ಲದಿದ್ದರೆ ಒಂದು ಒತ್ತಕ್ಷರ ಸರಿಪಡಿಸಲೂ ಮಾಡಿದವರ ಬಾಗಿಲಿಗೇ ಹೋಗಬೇಕು.

ಹಕ್ಕು ಒಂದೇ ಕೈಯಲ್ಲಿದ್ದು, ಕೊಡುವ ಮನಸ್ಸೂ ಇದ್ದರೆ ಏನಾಗಬಹುದು ಎಂಬುದಕ್ಕೆ ಮೈಸೂರು ವಿಶ್ವವಿದ್ಯಾನಿಲಯವನ್ನು ನೋಡಬೇಕು. 2014ರಲ್ಲಿ ಅದು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ವಿದ್ವಾಂಸರು ದಶಕಗಳ ಕಾಲ ಬರೆದ ಲೇಖನಗಳು ಈಗ ಕನ್ನಡ ವಿಕಿಪೀಡಿಯ, ವಿಕಿಸೋರ್ಸ್‌ಗಳಲ್ಲಿ ಯಾವ ಹಳ್ಳಿಯ ಮಗುವಿಗೂ ಸಿಗುತ್ತವೆ. ತಂತ್ರಾಂಶದಲ್ಲೂ ಇಂಥ ದಾರಿ ಇದೆ. ತನಗಾಗಿ ಬರೆಸಿದ ಕೋಡನ್ನು ಇತರ ಇಲಾಖೆಗಳಿಗೂ ತೆರೆದಿಡಬೇಕು ಎಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿದೆ. ಬೆಂಗಳೂರಿನ ಇ-ಗವರ್ನ್‌ಮೆಂಟ್ಸ್ ಫೌಂಡೇಶನ್ ಪೌರಾಡಳಿತಕ್ಕೆಂದು ಕಟ್ಟಿದ 'ಡಿಜಿಟ್' ವೇದಿಕೆ ಮುಕ್ತ ತಂತ್ರಾಂಶವಾದ್ದರಿಂದ, ಅದನ್ನು ಬಳಸುವ ನಗರಸಭೆ ಕೋಡಿನ ಒಡೆಯ ಯಾರು ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ.

ಎಲ್ಲವೂ ಸರ್ಕಾರದ ಬಳಿಯೇ ಇರಬೇಕೆ?

ಇಲ್ಲ ಎಂಬುದು ನನ್ನ ನಿಲುವು. ಅಮೆರಿಕ ಇದನ್ನು ಕಷ್ಟಪಟ್ಟು ಕಲಿಯಿತು. 1980ರ ಹೊತ್ತಿಗೆ ಅಲ್ಲಿನ ಕೇಂದ್ರ ಸರ್ಕಾರದ ಬಳಿ ಸುಮಾರು 28 ಸಾವಿರ ಪೇಟೆಂಟ್‌ಗಳಿದ್ದವು. ಉದ್ಯಮಕ್ಕೆ ಪರವಾನಗಿಯಾಗಿ ಹೋದದ್ದು ಶೇ 5ಕ್ಕಿಂತ ಕಡಿಮೆ. ಆ ವರ್ಷ ಬಂದ ಬೇ–ಡೋಲ್ ಕಾಯ್ದೆ, ಸರ್ಕಾರಿ ಹಣದಲ್ಲಿ ಆದ ಆವಿಷ್ಕಾರವನ್ನು ವಿಶ್ವವಿದ್ಯಾಲಯ, ಸಣ್ಣ ಉದ್ಯಮಗಳೇ ಇಟ್ಟುಕೊಳ್ಳಬಹುದು ಎಂದಿತು. ಸರ್ಕಾರ ತನ್ನ ಬಳಕೆಗೆ ಉಚಿತ ಪರವಾನಗಿಯನ್ನೂ, ಆವಿಷ್ಕಾರ ಮೂಲೆ ಸೇರಿದರೆ ಬೇರೆಯವರಿಗೆ ಪರವಾನಗಿ ಕೊಡಿಸುವ ಅಧಿಕಾರವನ್ನೂ ಇಟ್ಟುಕೊಂಡಿತು. ಭಾರತದಲ್ಲಿ ಇದೇ ಜಾಡಿನ ಮಸೂದೆಯೊಂದು 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿ, ಟೀಕೆಗೆ ಗುರಿಯಾಗಿ, ಕೊನೆಗೆ ವಾಪಸಾಯಿತು. ಆದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯ 2000ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಇದೇ ಸೂತ್ರ ಇದೆ: ಅನುದಾನ ಪಡೆದ ಸಂಸ್ಥೆಗೆ ಒಡೆತನ, ಸರ್ಕಾರಕ್ಕೆ ಉಚಿತ ಬಳಕೆ, ಆವಿಷ್ಕರಿಸಿದವರಿಗೆ ಗಳಿಕೆಯಲ್ಲಿ ಮೂರನೇ ಒಂದು ಭಾಗದವರೆಗೆ ಪಾಲು. ಅನುದಾನದಲ್ಲಿ ಸಂಶೋಧನೆ ಮಾಡುವವರು ತಮ್ಮ ಮಂಜೂರಾತಿ ಪತ್ರದಲ್ಲಿ ಈ ಷರತ್ತು ಹೇಗಿದೆ ಎಂದು ನೋಡಿಕೊಳ್ಳಬೇಕು.

ಜಂಟಿ ಒಡೆತನ ಕೇಳಲು ಹಿತ, ನಡೆಸಲು ಕಷ್ಟ. ಕೋವ್ಯಾಕ್ಸಿನ್ ಲಸಿಕೆಯನ್ನು ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಮತ್ತು ಖಾಸಗಿ ಕಂಪನಿ ಭಾರತ್ ಬಯೋಟೆಕ್ ಕೂಡಿ ಅಭಿವೃದ್ಧಿಪಡಿಸಿದವು. ನಿವ್ವಳ ಮಾರಾಟದ ಶೇ 5ರಷ್ಟು ರಾಯಧನ ಐಸಿಎಂಆರ್‌ಗೆ ಎಂಬುದು ಒಪ್ಪಂದದಲ್ಲಿದೆ ಎಂದು ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು. ಆದರೂ ಕಂಪನಿ ಹಾಕಿದ ಪೇಟೆಂಟ್ ಅರ್ಜಿಯಲ್ಲಿ ಐಸಿಎಂಆರ್ ಹೆಸರೇ ಇರಲಿಲ್ಲ. 2024ರ ಜೂನ್‌ನಲ್ಲಿ ಸುದ್ದಿಯಾದಾಗ, ಅದು ಉದ್ದೇಶಪೂರ್ವಕವಲ್ಲ ಎಂದು ಹೇಳಿದ ಕಂಪನಿ ಐಸಿಎಂಆರ್ ಅನ್ನು ಸಹ ಒಡೆಯನಾಗಿ ಸೇರಿಸಲು ಮುಂದಾಯಿತು. ರಾಯಧನದ ಅಂಕಿ ಬರೆದರೆ ಸಾಲದು. ಅರ್ಜಿ ಯಾರು ಹಾಕುತ್ತಾರೆ, ಯಾರ ಹೆಸರಿನಲ್ಲಿ, ಹಾಕುವ ಎಷ್ಟು ದಿನ ಮುಂಚೆ ಇನ್ನೊಬ್ಬರಿಗೆ ಕರಡು ತೋರಿಸಬೇಕು ಎಂಬುದೂ ಕರಾರಿನಲ್ಲಿರಬೇಕು. ಪೇಟೆಂಟ್ ಕಾಯ್ದೆಯ 50ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಪ್ರತಿ ಸಹ ಒಡೆಯರೂ ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸದೆ ತಾವೇ ಬಳಸಬಹುದು. ಇತರರಿಗೆ ಪರವಾನಗಿ ಕೊಡಲು ಮಾತ್ರ ಎಲ್ಲರ ಒಪ್ಪಿಗೆ ಬೇಕು. ಸ್ವಂತ ಕಾರ್ಖಾನೆ ಇರುವ ಕಂಪನಿಗೆ ಇದು ಅನುಕೂಲ, ಕಾರ್ಖಾನೆ ಇಲ್ಲದ ಸರ್ಕಾರಿ ಸಂಸ್ಥೆಗೆ ಅಷ್ಟಲ್ಲ.

ಕೆಲಸ ಈಗಾಗಲೇ ಮುಗಿದಿದ್ದು, ಕರಾರು ಮೌನವಾಗಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಬಾಕಿ ಬಿಲ್, ಭದ್ರತಾ ಠೇವಣಿ, ನಿರ್ವಹಣೆಯ ನವೀಕರಣ ಇವುಗಳಲ್ಲಿ ಒಂದಾದರೂ ಉಳಿದಿರುವಾಗ ಎರಡೂ ಕಡೆಯವರು ಕೂತು ಪೂರಕ ಕರಾರು ಮಾಡಿಕೊಳ್ಳಬಹುದು. ಒಡೆತನದ ಮೇಲೆ ಒಮ್ಮತ ಬರದಿದ್ದರೆ ಬಳಸುವ ಮತ್ತು ಬೇರೆಯವರಿಂದ ತಿದ್ದಿಸುವ ಶಾಶ್ವತ ಅನುಮತಿಯನ್ನಾದರೂ ಇಲಾಖೆ ಬರೆಸಿಕೊಳ್ಳಲಿ. ದಿನನಿತ್ಯದ ಕೆಲಸಕ್ಕೆ ಅಷ್ಟು ಸಾಕಾಗುತ್ತದೆ.

ಗುತ್ತಿಗೆಗೂ ತಮಗೂ ಸಂಬಂಧವಿಲ್ಲದ ಓದುಗರಿಗೂ ಇದು ತಟ್ಟುವ ವಿಷಯವೇ. ಮಾಹಿತಿ ಹಕ್ಕು ಕಾಯ್ದೆಯ 9ನೇ ಕಲಂ ಪ್ರಕಾರ, ಕೇಳಿದ ಮಾಹಿತಿ ಕೊಟ್ಟರೆ ಸರ್ಕಾರವಲ್ಲದ ಬೇರೆಯವರ ಕೃತಿಸ್ವಾಮ್ಯದ ಉಲ್ಲಂಘನೆ ಆಗುವಂತಿದ್ದರೆ ಅರ್ಜಿ ತಿರಸ್ಕರಿಸಬಹುದು. ನಿಮ್ಮ ಊರಿನ ಕೆರೆಯ ಬಗ್ಗೆ ನಿಮ್ಮದೇ ತೆರಿಗೆಯಲ್ಲಿ ಮಾಡಿಸಿದ ಅಧ್ಯಯನದ ಹಕ್ಕು ಸಲಹಾ ಸಂಸ್ಥೆಯ ಬಳಿ ಉಳಿದಿದ್ದರೆ ಈ ಉತ್ತರ ನಿಮಗೂ ಬರಬಹುದು. ವಿಧಾನಮಂಡಲದಲ್ಲಿ ಮಂಡನೆಯಾದ ಸಮಿತಿ ವರದಿಗಳನ್ನು, ಸರ್ಕಾರ ನಿಷೇಧಿಸದ ಹೊರತು, ಯಾರು ಬೇಕಾದರೂ ಮರುಮುದ್ರಿಸಬಹುದು. ಸಲಹಾ ಸಂಸ್ಥೆಗಳ ವರದಿಗೆ ಅಂಥ ರಕ್ಷಣೆ ಇಲ್ಲ. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಅಷ್ಟು ಪದಗಳಲ್ಲಿ ಮೊದಲು ವರದಿಯನ್ನಲ್ಲ, ಅದರ ಕರಾರಿನ ಪ್ರತಿಯನ್ನು ಕೇಳಿ: ಬೌದ್ಧಿಕ ಆಸ್ತಿಯ ಷರತ್ತು, ಗುತ್ತಿಗೆದಾರರು ಒಪ್ಪಿಸಬೇಕಾದ ಸಾಮಗ್ರಿಗಳ ಪಟ್ಟಿ, ಒಪ್ಪಿಸಿದ್ದಕ್ಕೆ ಇಲಾಖೆ ಕೊಟ್ಟ ಸ್ವೀಕೃತಿ. ಈ ಮೂರು ಕಾಗದ ಕೈಗೆ ಬಂದರೆ ಎರಡನೇ ಅರ್ಜಿಯಲ್ಲಿ ವರದಿಯನ್ನು ಯಾವ ಆಧಾರದ ಮೇಲೆ ಕೇಳಬೇಕು ಎಂಬುದು ನಿಮಗೆ ಗೊತ್ತಾಗಿರುತ್ತದೆ.